ತಬ್ಬಲಿ ಕುರಿಮರಿಗೆ ಬಾಟಲಿ ಹಾಲು, ಸಣ್ಣ ಮಂದೆಯ ಪಾಲನೆ: ಸಮಗ್ರ ಮಾರ್ಗದರ್ಶಿ

ಹತ್ತಿಪ್ಪತ್ತು ಕುರಿಗಳ ಮಂದೆ ಕಟ್ಟಿಕೊಂಡವರಿಗೆ ಕುರಿ ಈಯುವ ಕಾಲ ಬಂತೆಂದರೆ ಒಂದೆರಡು ಮರಿಗಳಾದರೂ ಕೈಯ ಮೇಲೆ ಬೀಳುವುದು ಸಾಮಾನ್ಯ. ತಾಯಿ ಸತ್ತಿರಬಹುದು, ಕೆಚ್ಚಲು ಬಾವು ಬಂದಿರಬಹುದು, ಚೊಚ್ಚಲು ಕುರಿ ಮರಿಯನ್ನು ಒಲ್ಲೆನೆಂದು ಒದೆಯುತ್ತಿರಬಹುದು, ಅಥವಾ ಅವಳಿ ಮರಿಗಳಿಗೆ ಸಾಲುವಷ್ಟು ಹಾಲು ಇಳಿಯದೆ ಇರಬಹುದು. ಬನ್ನೂರು, ಬಳ್ಳಾರಿ, ದಖನಿ, ಕೆಂಗುರಿ ತಳಿಗಳಲ್ಲಿ ಸಾಮಾನ್ಯವಾಗಿ ಒಂದೇ ಮರಿ ಹುಟ್ಟುವುದರಿಂದ ಈ ತಾಪತ್ರಯ ಕಡಿಮೆ. ಮಹಾರಾಷ್ಟ್ರದ ಫಲ್ಟಣದಲ್ಲಿ ಸುಂದರಬನದ ಗರೋಲ್ ಕುರಿಯ ಅವಳಿ ಮರಿ ಹಾಕುವ ಗುಣವನ್ನು ದಖನಿ ಕುರಿಗೆ ತಂದು ರೂಪಿಸಿದ ನಾರಿ ಸುವರ್ಣ ತಳಿಯನ್ನು ಸಾಕುವವರ ಮನೆಯಲ್ಲಿ ಮಾತ್ರ ಬಾಟಲಿ ಸದಾ ತೊಳೆದು ಸಿದ್ಧವಾಗಿರಬೇಕಾಗುತ್ತದೆ.

ಈ ಬರಹದ ಮೊದಲರ್ಧ ಬಾಟಲಿ ಮರಿಯನ್ನು ಕುರಿತದ್ದು, ಉಳಿದರ್ಧ ಮಂದೆಯನ್ನು ಕುರಿತದ್ದು. ಇವೆರಡನ್ನೂ ಒಟ್ಟಿಗೇ ಹೇಳಲು ಕಾರಣವಿದೆ: ಬಾಟಲಿಗೆ ಬೀಳುವ ಮರಿಗಳಲ್ಲಿ ಹಲವು, ಹುಟ್ಟುವ ಮೊದಲಿನ ಆರು ವಾರಗಳಲ್ಲಿ ತಾಯಿಯ ಮೇವಿನಲ್ಲಿ ಆದ ಕೊರತೆಯ ಫಲ.

ಬಾಟಲಿ ಹಿಡಿಯುವ ಮುನ್ನ

ಬಾಟಲಿ ಕೊನೆಯ ದಾರಿ. ಒಂದು ಮರಿಯನ್ನು ಎರಡು ತಿಂಗಳು ಬಾಟಲಿಯಲ್ಲಿ ಬೆಳೆಸಲು ಸುಮಾರು 40 ಲೀಟರ್ ಹಾಲು ಬೇಕು. ನಿಮ್ಮೂರಿನ ಹಾಲಿನ ದರದಿಂದ ಅದನ್ನು ಗುಣಿಸಿ, ಎಳೆಯ ಮರಿಯ ಸಂತೆ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಲಾಭ ಎಷ್ಟು ತೆಳುವಾದದ್ದೆಂದು ಗೊತ್ತಾಗುತ್ತದೆ. ಆದ್ದರಿಂದ ಮೊದಲು ಸಾಕುತಾಯಿಯನ್ನು ಹುಡುಕಬೇಕು.

ಕುರಿ ತನ್ನ ಮರಿಯನ್ನು ವಾಸನೆಯಿಂದ ಗುರುತಿಸುತ್ತದೆ. ಹಾಲು ಕುಡಿಯಲು ಬಂದ ಮರಿಯ ಬಾಲದ ಬುಡವನ್ನು ಮೂಸಿ, ತನ್ನದಲ್ಲವೆಂದು ಕಂಡರೆ ತಲೆಯಿಂದ ಗುದ್ದಿ ಓಡಿಸುತ್ತದೆ. ಅದೇ ದಿನ ಮರಿ ಕಳೆದುಕೊಂಡ ಕುರಿಯಿದ್ದರೆ, ಅದರ ಗರ್ಭದ ನೀರನ್ನು ತಬ್ಬಲಿ ಮರಿಯ ಮೈಗೆ, ಮುಖ್ಯವಾಗಿ ಬಾಲಕ್ಕೂ ತಲೆಗೂ ಸವರಿ ಮುಂದೆ ಬಿಟ್ಟರೆ ಎಷ್ಟೋ ಸಲ ನೆಕ್ಕಿ ಸೇರಿಸಿಕೊಳ್ಳುತ್ತದೆ. ಸತ್ತ ಮರಿಯ ಚರ್ಮವನ್ನು ಸುಲಿದು ತಬ್ಬಲಿಗೆ ಅಂಗಿಯಂತೆ ಎರಡು ಮೂರು ದಿನ ತೊಡಿಸುವ ಹಳೆಯ ಉಪಾಯವೂ ಚೆನ್ನಾಗಿ ಫಲ ಕೊಡುತ್ತದೆ. ಆದರೆ ಆ ಮರಿ ರೋಗದಿಂದ ಸತ್ತಿದ್ದರೆ ಇದನ್ನು ಮಾಡಕೂಡದು. ಇಬ್ಬರನ್ನೂ ಮೂರು ನಾಲ್ಕು ದಿನ ಮಂದೆಯಿಂದ ಬೇರೆಯಾಗಿ, ಕುರಿ ಓಡಿಹೋಗಲಾಗದಷ್ಟು ಇಕ್ಕಟ್ಟಾದ ಗೂಡಿನಲ್ಲಿ ಇಡಬೇಕು. ಕುರಿಗಾಹಿಗಳು ತಮ್ಮ ಹಿಂಡಿನಲ್ಲಿ ನಾಲ್ಕಾರು ಮೇಕೆಗಳನ್ನು ಇಟ್ಟುಕೊಳ್ಳುವುದು ಕೇವಲ ಚಹದ ಹಾಲಿಗಲ್ಲ. ತಬ್ಬಲಿಗೆ ಮೊಲೆ ಕೊಡಲು ಮೇಕೆ ಬಹುಬೇಗ ಒಗ್ಗಿಕೊಳ್ಳುತ್ತದೆ; ಸಣ್ಣ ಮಂದೆಯವರೂ ಹಾಲು ಕೊಡುವ ಒಂದು ಮೇಕೆಯನ್ನು ಇಟ್ಟುಕೊಳ್ಳುವುದು ಜಾಣತನ.

ಮೊದಲ ಆರು ಗಂಟೆ

ಮರಿಯ ಬದುಕು ನಿರ್ಧಾರವಾಗುವುದು ಇಲ್ಲಿಯೇ, ಗಿಣ್ಣದ ಹಾಲಿನಿಂದ. ಕುರಿಯ ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಅಂಶಗಳು ಮರಿಗೆ ದಾಟುವುದಿಲ್ಲ. ಅವು ಗಿಣ್ಣದ ಹಾಲಿನ ಮೂಲಕವೇ ಬರಬೇಕು. ಅವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಹುಟ್ಟಿದ ಕೂಡಲೆ ಅತಿ ಹೆಚ್ಚಾಗಿದ್ದು, ಗಂಟೆಗಂಟೆಗೂ ಇಳಿಯುತ್ತ ಒಂದು ದಿನದ ಹೊತ್ತಿಗೆ ಮುಚ್ಚಿಹೋಗುತ್ತದೆ. ಆದುದರಿಂದ ಮೊದಲ ಗುಟುಕು ಎರಡು ಗಂಟೆಯೊಳಗೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಪ್ರಮಾಣ: ಮರಿಯ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 50 ಮಿ.ಲೀ., ಮೊದಲ 24 ಗಂಟೆಯಲ್ಲಿ ಒಟ್ಟು 200 ಮಿ.ಲೀ. ಅಂದರೆ 3 ಕಿಲೋ ಮರಿಗೆ ಒಂದು ಸಲಕ್ಕೆ 150 ಮಿ.ಲೀ., ದಿನಕ್ಕೆ 600 ಮಿ.ಲೀ.

ತಾಯಿ ಬದುಕಿದ್ದು ಮರಿಯನ್ನು ಮಾತ್ರ ಒಲ್ಲದಿದ್ದರೆ ಅದನ್ನು ಹಿಡಿದು, ಎರಡು ಮೊಲೆಗಳನ್ನೂ ಹಿಂಡಿ ತುದಿಯಲ್ಲಿ ಕಟ್ಟಿಕೊಂಡಿರುವ ಮೇಣದಂಥ ಬಿರಡೆಯನ್ನು ತೆಗೆದು, ಗಿಣ್ಣದ ಹಾಲನ್ನು ಕರೆದುಕೊಳ್ಳಬೇಕು. ತಾಯಿಯೇ ಇಲ್ಲದಿದ್ದರೆ ಅಂದು ಈದ ಬೇರೆ ಕುರಿಯದೋ ಮೇಕೆಯದೋ ಆಗುತ್ತದೆ. ಅದೂ ಇಲ್ಲದಿದ್ದರೆ ಕರು ಹಾಕಿದ ನೆರೆಮನೆಯ ಹಸುವಿನದು; ಕುರಿಯ ಗಿಣ್ಣಕ್ಕಿಂತ ಇದರಲ್ಲಿ ಸತ್ವ ಕಡಿಮೆಯಾದ್ದರಿಂದ ಮೂರರಲ್ಲೊಂದು ಪಾಲು ಹೆಚ್ಚು ಕೊಡಬೇಕು. ಹಸುವಿನ ಗಿಣ್ಣದಿಂದ ಅಪರೂಪಕ್ಕೆ ಕೆಲವು ಮರಿಗಳಿಗೆ ಒಂದೆರಡು ವಾರದ ಮೇಲೆ ರಕ್ತಹೀನತೆ ಬರುವುದುಂಟು. ಒಸಡು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಗಿಣ್ಣು ಮಾಡಿ ಹಂಚುವ ಮನೆಯವರಿಂದ ಒಂದು ಪಾವು ಹಸಿ ಹಾಲನ್ನು ಮೊದಲೇ ಕೇಳಿ ತೆಗೆದಿಟ್ಟುಕೊಂಡರೆ ಬೇಕಾದಾಗ ಕೈಗೆ ಸಿಗುತ್ತದೆ. ಹೆಚ್ಚು ಹಾಲಿನ ಕುರಿಯ ಗಿಣ್ಣವನ್ನೂ 100 ಮಿ.ಲೀ. ಪೊಟ್ಟಣಗಳಲ್ಲಿ ಫ್ರೀಜರಿನಲ್ಲಿಟ್ಟರೆ ಆರು ತಿಂಗಳು ಕೆಡುವುದಿಲ್ಲ. ಬಳಸುವಾಗ ಪೊಟ್ಟಣವನ್ನು ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ಕರಗಿಸಬೇಕೇ ವಿನಾ ಒಲೆಯ ಮೇಲಿಡಬಾರದು. ಕಾಸಿದರೆ ಒಡೆದು ಗಟ್ಟಿಯಾಗುವುದಲ್ಲದೆ, ಯಾವ ಅಂಶಕ್ಕಾಗಿ ಕೊಡುತ್ತೇವೋ ಅದೇ ನಾಶವಾಗುತ್ತದೆ.

ಹೊಕ್ಕಳ ಬಳ್ಳಿಯನ್ನು ಶೇ. 7ರ ಟಿಂಕ್ಚರ್ ಅಯೋಡಿನ್‌ನಲ್ಲಿ ಬುಡದವರೆಗೂ ಅದ್ದಬೇಕು. ಕೆಲವು ಗಂಟೆಗಳ ನಂತರ ಇನ್ನೊಮ್ಮೆ. ಕೀಲು ಬಾವು ಬಂದು ಕುಂಟುವ ಎಳೆಮರಿಗಳಲ್ಲಿ ಬಹಳಷ್ಟಕ್ಕೆ ಸೋಂಕು ಹೊಕ್ಕುವ ಬಾಗಿಲು ಈ ಹಸಿ ಹೊಕ್ಕಳೇ.

ಚಳಿಗೆ ಸೆಟೆದ ಮರಿಗೆ ಹಾಲು ಕುಡಿಸುವ ಆತುರ ಬೇಡ. ಬಾಯೊಳಗೆ ಬೆರಳಿಟ್ಟು ನೋಡಿ. ಆರೋಗ್ಯವಾಗಿರುವ ಮರಿಯ ಬಾಯಿ ಬೆಚ್ಚಗಿದ್ದು ಬೆರಳನ್ನು ಚೀಪುತ್ತದೆ. ತಣ್ಣಗಿದ್ದು ಚೀಪದಿದ್ದರೆ ಥರ್ಮಾಮೀಟರನ್ನು ಗುದದಲ್ಲಿಟ್ಟು ಅಳೆಯಬೇಕು. ಸಹಜ ತಾಪ 39ರಿಂದ 40 ಡಿಗ್ರಿ ಸೆಲ್ಸಿಯಸ್. 37ಕ್ಕಿಂತ ಕೆಳಗಿಳಿದ ಮರಿ ಹಾಲನ್ನು ಜೀರ್ಣಿಸಿಕೊಳ್ಳಲಾರದು, ನುಂಗಲೂ ಆಗದೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಗೋಣಿತಾಟಿನಿಂದ ಮೈ ಒರೆಸಿ ಒಣಗಿಸಿ, ಬಲ್ಬು ತೂಗಿಬಿಟ್ಟ ಪೆಟ್ಟಿಗೆಯಲ್ಲಿಟ್ಟು ಕಾವು ಕೊಟ್ಟು, ತಲೆಯೆತ್ತಿ ಕುಳಿತ ಮೇಲೆ ಕುಡಿಸಬೇಕು. ಒಂದು ಎಚ್ಚರ: ಹುಟ್ಟಿ ಐದು ಗಂಟೆ ಮೀರಿದ, 37 ಡಿಗ್ರಿಗಿಂತ ತಣ್ಣಗಾದ ಮರಿಯ ಮೈಯಲ್ಲಿ ಶಕ್ತಿಯ ದಾಸ್ತಾನು ತೀರಿರುತ್ತದೆ. ಹಾಗೆಯೇ ಕಾವು ಕೊಟ್ಟರೆ ಸೆಳೆತ ಬಂದು ಸಾಯುವ ಸಂಭವವಿರುವುದರಿಂದ, ಮೊದಲು ಪಶುವೈದ್ಯರಿಂದ ಗ್ಲೂಕೋಸ್ ಚುಚ್ಚುಮದ್ದು ಕೊಡಿಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಬೇಕು.

ಯಾವ ಹಾಲು, ಎಷ್ಟು ಹಾಲು

ಕುರಿಯ ಹಾಲು ಗಟ್ಟಿ: ಕೊಬ್ಬು ಸುಮಾರು ಶೇ. 7. ಸೀಮೆ ಹಸುವಿನ ಹಾಲಿನಲ್ಲಿ ಅದು ಶೇ. 3.5ರಿಂದ 4, ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಶೇ. 3, ಪೂರ್ಣ ಕೆನೆಯ ಹಾಲಿನಲ್ಲಿ ಶೇ. 6. ‘ಎಳೆಮರಿಗೆ ಜೀರ್ಣವಾಗಲಿ’ ಎಂದು ಹಸುವಿನ ಹಾಲಿಗೆ ನೀರು ಬೆರೆಸುವ ರೂಢಿ ಹಲವೆಡೆ ಇದೆ. ಮೊದಲೇ ತೆಳುವಾದ ಹಾಲನ್ನು ಇನ್ನಷ್ಟು ತೆಳು ಮಾಡಿ ಮರಿಯನ್ನು ಹೊಟ್ಟೆ ತುಂಬಿಸಿಯೇ ಉಪವಾಸ ಕೆಡವುವ ಕ್ರಮವಿದು. ಎಮ್ಮೆ ಹಾಲು ಸಿಗುವಲ್ಲಿ ಹಸುವಿನದರ ಜೊತೆ ಸಮಸಮ ಬೆರೆಸಿದರೆ ಕುರಿ ಹಾಲಿಗೆ ಹತ್ತಿರವಾಗುತ್ತದೆ. ಮೇಕೆ ಹಾಲು ಉತ್ತಮ. ಕುರಿಮರಿಗೆಂದೇ ತಯಾರಾದ ಹಾಲಿನ ಪುಡಿ ಸಿಕ್ಕರೆ ಪೊಟ್ಟಣದ ಮೇಲಿನ ಅಳತೆಯಂತೆ ಕಲಸಬಹುದು. ಕರುವಿನ ಪುಡಿಯನ್ನು ಕುರಿಗೆ ಬಳಸದಿರುವುದು ಒಳ್ಳೆಯದು. ಯಾವುದನ್ನೇ ಆರಿಸಿಕೊಂಡರೂ ದಿನಕ್ಕೊಂದು ಬಗೆ ಬದಲಿಸಬಾರದು.

ದಿನದ ಹಾಲು ಮರಿಯ ತೂಕದ ಶೇ. 15ರಿಂದ 20. ಮೊದಲ ವಾರ 500ರಿಂದ 600 ಮಿ.ಲೀ. ಹಾಲನ್ನು ಐದು ಸಲವಾಗಿ ಕೊಡಬೇಕು. ಮೊದಲೆರಡು ದಿನ ರಾತ್ರಿಯೂ ಒಮ್ಮೆ ಏಳದೆ ಗತ್ಯಂತರವಿಲ್ಲ. ಎರಡನೆಯ ವಾರ 700 ಮಿ.ಲೀ., ನಾಲ್ಕು ಸಲ. ಮೂರರಿಂದ ಆರನೆಯ ವಾರದವರೆಗೆ 800 ಮಿ.ಲೀ.ನಿಂದ 1 ಲೀಟರ್, ಮೂರು ಸಲ. ಏಳನೆಯ ವಾರ 600 ಮಿ.ಲೀ. ಎರಡು ಸಲ, ಎಂಟನೆಯ ವಾರ 300 ಮಿ.ಲೀ. ಒಂದೇ ಸಲ. ವಾರಕ್ಕೊಮ್ಮೆ ಮರಿಯನ್ನು ಚೀಲದಲ್ಲಿಟ್ಟು ತೂಗುತಕ್ಕಡಿಗೆ ಹಾಕಿ ಈ ಅಳತೆಗಳನ್ನು ತಿದ್ದಿಕೊಳ್ಳಬೇಕು. ಅರಚುವಿಕೆಯನ್ನು ಕೇಳಿ ಹಾಲು ಹೆಚ್ಚಿಸಿದರೆ ಕೆಡುತ್ತದೆ, ಏಕೆಂದರೆ ಬಾಟಲಿ ಮರಿ ಹೊಟ್ಟೆ ಬಿರಿಯುವಷ್ಟು ಕುಡಿದ ಮೇಲೂ ಅರಚುತ್ತದೆ.

ಕುಡಿಸುವ ಕ್ರಮ

ಮರಿ ತನ್ನ ನಾಲ್ಕು ಕಾಲಿನ ಮೇಲೆ ನಿಂತಿರಬೇಕು, ಕತ್ತು ತಾಯಿಯ ಕೆಚ್ಚಲಿಗೆ ಬಾಯಿಡುವಾಗಿನಂತೆ ಮೇಲಕ್ಕೆ ಚಾಚಿರಬೇಕು, ಬಾಟಲಿ ಅದರ ಮೂಗಿನ ಮಟ್ಟಕ್ಕಿಂತ ತುಸು ಮೇಲಿರಬೇಕು. ಹೀಗೆ ಚೀಪಿ ಕುಡಿದಾಗ ಗಂಟಲಿನ ಕೆಳಗಿನ ಒಂದು ಮಡಿಕೆ ಕೊಳವೆಯಾಗಿ ಮುಚ್ಚಿಕೊಂಡು, ಹಾಲು ಮೇವಿನ ಹೊಟ್ಟೆಗೆ ಹೋಗದೆ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಇಳಿಯುತ್ತದೆ. ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ, ಅಥವಾ ದೊಡ್ಡ ದನಗಳಿಗೆ ಮಾಡುವಂತೆ ಗೊಟ್ಟದಲ್ಲಿ (ಔಷಧಿ ಹೊಯ್ಯುವ ಬಿದಿರಿನ ಕೊಳವೆ) ಹೊಯ್ದರೆ, ಹಾಲು ಶ್ವಾಸಕೋಶಕ್ಕೆ ನುಗ್ಗಿ ಎರಡು ಮೂರು ದಿನದಲ್ಲಿ ನ್ಯುಮೋನಿಯಾ ಕಾಣಿಸಿಕೊಳ್ಳುತ್ತದೆ. ಎಳೆಮರಿಗೆ ಗೊಟ್ಟ ಬೇಡವೇ ಬೇಡ.

ನಿಪ್ಪಲ್‌ನ ತೂತು ಎಷ್ಟಿರಬೇಕೆಂದು ತಿಳಿಯಲು ಬಾಟಲಿಯನ್ನು ತಲೆಕೆಳಗು ಮಾಡಿ: ಹಾಲು ಹನಿಹನಿಯಾಗಿ ತೊಟ್ಟಿಕ್ಕಬೇಕು. ಧಾರೆಯಾಗಿ ಸುರಿದರೆ ತೂತು ದೊಡ್ಡದಾಗಿದೆ, ನಿಪ್ಪಲ್ ಬದಲಿಸಬೇಕು. ಹನಿಯೂ ಬೀಳದಿದ್ದರೆ ಕಾಯಿಸಿದ ಸೂಜಿಯಿಂದ ಹಿಗ್ಗಿಸಬೇಕು. ಹಾಲನ್ನು ಕಾಯಿಸಿ, ಆರಿಸಿ, 38ರಿಂದ 39 ಡಿಗ್ರಿಯಲ್ಲಿ, ಅಂದರೆ ಮುಂಗೈ ಮೇಲೆ ಬಿದ್ದ ಹನಿ ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ತೋರುವ ಹದದಲ್ಲಿ ಕೊಡಬೇಕು. ಬಾಟಲಿ ಒಲ್ಲದ ಮರಿಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಬಾಲದ ಬುಡವನ್ನು ಮೆಲ್ಲಗೆ ಕೆರೆದರೆ ತಾಯಿ ಮೂಸಿದಂತಾಗಿ ಚೀಪತೊಡಗುತ್ತದೆ. ಕುಡಿದಾದ ಮೇಲೆ ಹಿಂದಿನಿಂದ ನಿಂತು ನೋಡಿದಾಗ ಪಕ್ಕೆಗಳು ನೇರವಾಗಿರಬೇಕು. ಒಳಕ್ಕೆ ಸೊರಗಿದ್ದರೆ ಸಾಲದು, ಹೊರಕ್ಕೆ ಉಬ್ಬಿದ್ದರೆ ಅತಿಯಾಯಿತು.

ಪ್ರತಿ ಸಲವೂ ಬಾಟಲಿಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಕವುಚಿಡಬೇಕು. ನಿಪ್ಪಲ್ಲನ್ನು ಒಳಮಗ್ಗುಲು ಹೊರಗೆ ತಿರುಗಿಸಿ ಉಜ್ಜಬೇಕು, ಜಿಡ್ಡು ಕೂರುವುದು ಅಲ್ಲೇ.

ಹೊಟ್ಟೆ ಕೆಟ್ಟಾಗ

ಗಿಣ್ಣ ಕುಡಿದ ಮರಿಯ ಹಿಕ್ಕೆ ಮೊದಲು ಕಪ್ಪಗೆ, ಆಮೇಲೆ ಹಳದಿಯಾಗಿ ಅಂಟಂಟಾಗಿರುತ್ತದೆ, ಇದು ಸಹಜ. ಅದು ಬಾಲದ ಕೆಳಗೆ ಒಣಗಿ ಗುದವನ್ನೇ ಮುಚ್ಚಿಬಿಡುವುದುಂಟು, ಬಿಸಿನೀರಿನ ಬಟ್ಟೆಯಿಂದ ನೆನೆಸಿ ತೆಗೆಯಬೇಕು. ನೀರಾಗಿ, ಬಿಳಿಚಾಗಿ, ನಾತ ಬರುವಂತೆ ಹೋಗತೊಡಗಿದರೆ ಒಂದು ಹೊತ್ತಿನ ಹಾಲು ಬಿಟ್ಟು ಅದರ ಬದಲು ಓಆರ್‌ಎಸ್ ನೀರು ಕೊಡಬೇಕು. ಮುಂದಿನ ಹೊತ್ತುಗಳಲ್ಲಿ ಹಾಲನ್ನೂ ಓಆರ್‌ಎಸ್ಸನ್ನೂ ಬೆರೆಸದೆ ಎರಡು ಮೂರು ಗಂಟೆ ಅಂತರದಲ್ಲಿ ಕೊಡಬೇಕು. ಒಂದು ದಿನಕ್ಕಿಂತ ಹೆಚ್ಚು ಹಾಲು ನಿಲ್ಲಿಸಿದರೆ ಭೇದಿಗಿಂತ ಮೊದಲು ಹಸಿವೇ ಮರಿಯನ್ನು ಕೊಲ್ಲುತ್ತದೆ. ಮೂರು ನಾಲ್ಕು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಒದ್ದೆ ನೆಲದಿಂದ ಬರುವ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿ ಇರಬಹುದು. ಮನೆಮದ್ದಿಗೆ ಬಗ್ಗುವುದಿಲ್ಲ, ಹಿಕ್ಕೆಯ ಪರೀಕ್ಷೆಯಾಗಬೇಕು.

ಎರಡರಿಂದ ನಾಲ್ಕು ವಾರದ ಬಾಟಲಿ ಮರಿಗಳಲ್ಲಿ ಹಾಲು ಕುಡಿದ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಡೋಲಿನಂತೆ ಉಬ್ಬಿ ಸಾಯುವುದು ಇನ್ನೊಂದು ದೊಡ್ಡ ಅಪಾಯ. ದಿನಕ್ಕೆ ಎರಡೇ ಸಲ ಬಾಟಲಿ ತುಂಬ ಕುಡಿಸುವವರ ಮನೆಯಲ್ಲಿ ಇದು ಹೆಚ್ಚು. ಹಾಲಿನ ಸಕ್ಕರೆಯ ಮೇಲೆ ಸೂಕ್ಷ್ಮಾಣುಗಳು ಬೆಳೆದು ಗಾಳಿ ತುಂಬುತ್ತದೆ. ಹೆಚ್ಚು ಸಲ, ಕಡಿಮೆ ಹಾಲು ಎಂಬುದೇ ಇದಕ್ಕೆ ತಡೆ. ನ್ಯೂಜಿಲೆಂಡಿನ ಕುರಿಸಾಕಣೆಯವರು ಹಾಲಿಗೆ ಹೆಪ್ಪು ಹಾಕಿ ಮೊಸರಾಗಿಸಿ ಕುಡಿಸುವುದೂ ಇದೇ ಕಾರಣಕ್ಕೆ. ಮೊಸರು ನಮ್ಮ ಮನೆಗಳಲ್ಲಿ ದಿನವೂ ಇರುವಂಥದ್ದು. ಹೊಟ್ಟೆಯುಬ್ಬರ ಮರುಕಳಿಸುವ ಮಂದೆಯವರು ಹಾಲಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಮರಿಯನ್ನು ಒಗ್ಗಿಸಿ ನೋಡಬಹುದು.

ಬಾಟಲಿಯಿಂದ ಮೇವಿಗೆ

ಹತ್ತು ದಿನದ ಮರಿಯ ಮುಂದೆ ಕುದುರೆ ಮೆಂತೆ, ಅಗಸೆ ಮರ, ಹಿಪ್ಪುನೇರಳೆಯ ಸೊಪ್ಪಿನ ಸಣ್ಣ ಕಟ್ಟನ್ನು ಅದರ ಮೂಗಿನ ಎತ್ತರಕ್ಕೆ ತೂಗುಹಾಕಬೇಕು. ಮೊದಲು ಆಟಕ್ಕೆ ಕಚ್ಚುತ್ತದೆ, ವಾರದಲ್ಲಿ ತಿನ್ನಲು ಕಲಿಯುತ್ತದೆ. ಎರಡು ವಾರದಿಂದ ಮರಿಗಳಿಗಷ್ಟೇ ನುಸುಳಲಾಗುವ ಸಣ್ಣ ಕಿಂಡಿಯ ಗೂಡಿನಲ್ಲಿ ಹಿಂಡಿ ಮಿಶ್ರಣ ಇಡಬೇಕು. ಮನೆಯಲ್ಲೇ ಕಲಸುವುದಾದರೆ 100 ಕಿಲೋಗೆ ನುಚ್ಚು ಮಾಡಿದ ಮೆಕ್ಕೆಜೋಳ 45, ಕಡಲೆಕಾಯಿ ಹಿಂಡಿ 30, ಗೋಧಿ ಬೂಸ 12, ಒಡೆದ ಹುರುಳಿ 10, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಎಂಬ ಲೆಕ್ಕದಲ್ಲಿ ಬೆರೆಸಿದರೆ ಪ್ರೋಟೀನ್ ಸುಮಾರು ಶೇ. 20 ಬರುತ್ತದೆ. ಮುಗ್ಗಲು ವಾಸನೆಯ ಹಿಂಡಿಯನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬಾರದು.

ಇಲ್ಲಿ ಎರಡು ವಿಷಯಗಳನ್ನು ಒತ್ತಿ ಹೇಳಬೇಕು. ಹಸುವಿನ ಖನಿಜ ಮಿಶ್ರಣವನ್ನೇ ಕುರಿಗೂ ಹಾಕುವವರು ಬಹಳ ಮಂದಿ. ಆದರೆ ಹಸು ತಾಳಿಕೊಳ್ಳುವಷ್ಟು ತಾಮ್ರವನ್ನು ಕುರಿ ತಾಳಲಾರದು. ಅದು ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಶೇಖರವಾಗಿ, ಒಂದು ದಿನ ಇದ್ದಕ್ಕಿದ್ದಂತೆ ಕಾಮಾಲೆ, ಕೆಂಪು ಮೂತ್ರ ಕಾಣಿಸಿ ಕುರಿ ಸಾಯುತ್ತದೆ. ಕುರಿಗೆಂದೇ ತಯಾರಿಸಿದ ಮಿಶ್ರಣವನ್ನು ಕೇಳಿ ತರಬೇಕು. ಎರಡನೆಯದಾಗಿ, ಗಂಡುಮರಿಗಳಿಗೆ ಬೂಸ ಅತಿಯಾದರೆ ಅದರಲ್ಲಿನ ರಂಜಕದಿಂದ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಮರಿ ಬೆನ್ನು ಬಗ್ಗಿಸಿ ತಿಣುಕುತ್ತ ತೊಟ್ಟು ತೊಟ್ಟಾಗಿ ಮೂತ್ರ ಮಾಡುತ್ತಿದ್ದರೆ ಅದನ್ನು ಮಲಬದ್ಧತೆಯೆಂದು ಭಾವಿಸಿ ಕಾಲ ಕಳೆಯಬಾರದು. ದಿನವಿಡೀ ಶುದ್ಧ ನೀರು ಮುಂದಿರಬೇಕು.

ಹುಟ್ಟಿದಾಗಿನ ಮೂರು ಪಟ್ಟು ತೂಕ ಬಂದು, ದಿನಕ್ಕೆ 200 ಗ್ರಾಂನಷ್ಟು ಹಿಂಡಿ ತಿಂದು, ಮಲಗಿದಾಗ ಮೆಲುಕು ಹಾಕುತ್ತಿದ್ದರೆ ಹಾಲು ಬಿಡಿಸಬಹುದು. ಸಾಮಾನ್ಯವಾಗಿ ಎರಡು ತಿಂಗಳಿಗೆ ಈ ಹಂತ ಬರುತ್ತದೆ. ಮನುಷ್ಯರ ಬೆನ್ನು ಹತ್ತಿ ಬೆಳೆದ ಮರಿ ಮಂದೆಗೆ ಸೇರಲು ಅಂಜುತ್ತದೆ. ಒಂದಕ್ಕಿಂತ ಹೆಚ್ಚು ಬಾಟಲಿ ಮರಿಗಳನ್ನು ಜೊತೆಯಾಗಿ ಬೆಳೆಸಿ, ಮೂರನೆಯ ವಾರದಿಂದಲೇ ಹಗಲು ಉಳಿದ ಮರಿಗಳ ಜೊತೆ ಬಿಡುವುದು ವಾಸಿ. ಗಂಡುಮರಿಯನ್ನು ಮುದ್ದಿಗೆಂದು ಹಣೆ ತಳ್ಳಿ ಆಡಿಸುವ ಮಕ್ಕಳನ್ನು ತಡೆಯಬೇಕು. ಮನುಷ್ಯರ ಅಂಜಿಕೆಯಿಲ್ಲದೆ ಬೆಳೆದ ಟಗರು ಎರಡು ಹಲ್ಲಾಗುವ, ಅಂದರೆ ಒಂದು ಒಂದೂವರೆ ವರ್ಷದ ಹೊತ್ತಿಗೆ ಹಿಂದಿನಿಂದ ಬಂದು ಗುದ್ದುತ್ತದೆ. ಇಂಥದ್ದನ್ನು ಬೀಜಕ್ಕೆ ಉಳಿಸಿಕೊಳ್ಳದೆ ಮಾರುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

ಗಬ್ಬದ ಕುರಿಯ ಆರೈಕೆ

ಕುರಿಯ ಗರ್ಭಾವಧಿ ಸುಮಾರು 150 ದಿನ. ಮರಿಯ ಬೆಳವಣಿಗೆಯಲ್ಲಿ ಸುಮಾರು ಶೇ. 70ರಷ್ಟು ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಅದೇ ಹೊತ್ತಿಗೆ ಕೆಚ್ಚಲೂ ತುಂಬಬೇಕು. ಆದರೆ ಹೊಟ್ಟೆಯಲ್ಲಿ ಮರಿ ಜಾಗ ಹಿಡಿದಿರುವುದರಿಂದ ಕುರಿ ಹೆಚ್ಚು ಒಣಮೇವನ್ನು ತಿನ್ನಲಾರದು. ಆದ್ದರಿಂದ ಈ ಆರು ವಾರ ಮೇವಿನ ಜೊತೆಗೆ ದಿನಕ್ಕೆ 250ರಿಂದ 300 ಗ್ರಾಂ ಹಿಂಡಿ ಮಿಶ್ರಣ ಕೊಡಲೇಬೇಕು, ಅವಳಿಯ ಅನುಮಾನವಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಇದರಲ್ಲಿ ಕೈ ಹಿಡಿದರೆ ಒಂದೂವರೆ ಕಿಲೋದ ಮರಿ, ಹಾಲಿಲ್ಲದ ಕೆಚ್ಚಲು, ಕೆಲವೊಮ್ಮೆ ಏಳಲಾರದೆ ಮಲಗಿದ ತಾಯಿ, ಮೂರನ್ನೂ ಒಟ್ಟಿಗೆ ಕಾಣಬೇಕಾಗುತ್ತದೆ. ಹಿಂಡಿಯ ಖರ್ಚನ್ನು 40 ಲೀಟರ್ ಹಾಲಿನ ಖರ್ಚಿನೊಂದಿಗೆ ಹೋಲಿಸಿದರೆ ಯಾವುದು ಅಗ್ಗವೆಂದು ಬೇರೆ ಹೇಳಬೇಕಿಲ್ಲ.

ಈಯಲು ನಾಲ್ಕರಿಂದ ಆರು ವಾರ ಇರುವಾಗ ತಾಯಿಗೆ ಕರುಳುಬೇನೆಯ (ಕರುಳಿನ ಸೂಕ್ಷ್ಮಾಣುಗಳ ವಿಷದಿಂದ ಬರುವ ರೋಗ) ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣದ ಮೂಲಕ ಮರಿಗೂ ಸಿಗುತ್ತದೆ. ಈಯುವಾಗ ಮುಂಗಾಲುಗಳೆರಡರ ಮೇಲೆ ಮೂಗು ಕಂಡರೆ ಕೈ ಹಾಕದೆ ಸುಮ್ಮನಿರಬೇಕು. ನೀರಿನ ಚೀಲ ಒಡೆದು ಗಂಟೆ ಕಾಲ ತಿಣುಕಿದರೂ ಮುಂದುವರಿಯದಿದ್ದರೆ ವೈದ್ಯರನ್ನು ಕರೆಯಬೇಕು.

ಟಗರು, ರೊಪ್ಪ

25ರಿಂದ 30 ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ತನ್ನ ಹೆಣ್ಣುಮರಿಗಳನ್ನೇ ಹತ್ತಿ ಸಂತತಿ ಸೊರಗುತ್ತದೆ. ಅಮೀನಗಡದಂಥ ಸಂತೆಯಿಂದ ಎಷ್ಟೇ ಒಳ್ಳೆಯ ಟಗರು ತಂದರೂ ಮೂರು ವಾರ ಮಂದೆಯಿಂದ ದೂರ ಕಟ್ಟಬೇಕು. ನಾಲ್ಕಾರು ಜಿಲ್ಲೆಯ ಕುರಿಗಳು ಸೇರುವಲ್ಲಿಂದ ರೋಗವೂ ಜೊತೆಗೇ ಬರುತ್ತದೆ.

ರೊಪ್ಪದಲ್ಲಿ ಸೂರಿನ ಕೆಳಗೆ ಪ್ರತಿ ಕುರಿಗೆ 10 ಚದರಡಿ, ಮರಿಗೆ 4, ಟಗರಿಗೆ 20 ಚದರಡಿ ಜಾಗವಿರಬೇಕು, ಹೊರಗಿನ ಬಯಲು ಅದರ ಎರಡರಷ್ಟಿರಬೇಕು. ಸಾಲ ಮಾಡಿ ಅಟ್ಟಣಿಗೆಯ ಕೊಟ್ಟಿಗೆ ಕಟ್ಟುವ ಹುಚ್ಚು ಈಗೀಗ ಹೆಚ್ಚಿದೆ. ಇಪ್ಪತ್ತು ಕುರಿಯವರಿಗೆ ದಿನವೂ ಗುಡಿಸಿ ವಾರಕ್ಕೊಮ್ಮೆ ಸುಣ್ಣ ಎರಚಿದ ಒಣ ಮಣ್ಣಿನ ನೆಲವೇ ಸಾಕು, ಉಳಿದ ಹಣ ಮೇವಿಗೆ ಹೋಗಲಿ. ಮಾಗಿಯ ಚಳಿಯಲ್ಲಿ ಎಳೆಮರಿಗಳ ಮೇಲೆ ರಾತ್ರಿ ಬಿದಿರಿನ ಮಂಕರಿ ಕವುಚಿದರೆ ಗಾಳಿಯಿಂದಲೂ ನಾಯಿಯಿಂದಲೂ ರಕ್ಷಣೆ.

ಜಂತುಹುಳು ಮತ್ತು ಲಸಿಕೆ

ಮರಿಗೆ ಎರಡು ತಿಂಗಳಿಗೆ ಮೊದಲ ಜಂತುನಾಶಕ ಕೊಡಬೇಕು. ಆಮೇಲೆ ಪಂಚಾಂಗ ನೋಡಿದಂತೆ ತಿಂಗಳಿಗೊಮ್ಮೆ ಎಲ್ಲ ಕುರಿಗೂ ಔಷಧಿ ಹೊಯ್ಯುವುದರಿಂದ ಹುಳುಗಳಿಗೆ ಆ ಔಷಧಿ ನಾಟದಂತಾಗುತ್ತದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಪ್ರತಿ ಕುರಿಯ ಕೆಳಗಣ ರೆಪ್ಪೆಯನ್ನು ಎಳೆದು ನೋಡಬೇಕು. ಕೆಂಪಾಗಿದ್ದರೆ ಬಿಡಬಹುದು, ಬಿಳಿಚಿದ್ದರೆ, ಅಥವಾ ಗದ್ದದ ಕೆಳಗೆ ನೀರು ತುಂಬಿ ಜೋತಿದ್ದರೆ ರಕ್ತ ಹೀರುವ ಹುಳುವಿನ ಕಾಟವೆಂದು ತಿಳಿದು ಔಷಧಿ ಕೊಡಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಭ್ರೂಣಕ್ಕೆ ಕೇಡು.

ಕರುಳುಬೇನೆ ಮುಂಗಾರಿನ ಹೊಸ ಚಿಗುರಿನ ಕಾಲದ್ದು; ಸಂಜೆ ಕೊಬ್ಬಿದ್ದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಲಸಿಕೆ ಹಾಕಿಸಿಕೊಂಡ ತಾಯಿಯ ಮರಿಗೆ ಮೂರು ನಾಲ್ಕು ತಿಂಗಳಿಗೆ, ಹಾಕಿಸಿಕೊಳ್ಳದ ತಾಯಿಯ ಮರಿಗೆ ಮೊದಲ ವಾರದಲ್ಲೇ ಇದರ ಲಸಿಕೆ ಆಗಬೇಕು. ಎರಡು ವಾರದ ಮೇಲೆ ಮತ್ತೊಮ್ಮೆ, ಅನಂತರ ಪ್ರತಿ ವರ್ಷ ಮಳೆಗೆ ಮುನ್ನ. ಗಿಣ್ಣ ಸಿಕ್ಕಿರದ ಬಾಟಲಿ ಮರಿಯನ್ನು, ತಾಯಿಗೆ ಲಸಿಕೆಯಾಗಿದ್ದರೂ, ಎರಡನೆಯ ಗುಂಪಿಗೇ ಸೇರಿಸಬೇಕು. ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ವೈರಾಣು ಸಾಂಕ್ರಾಮಿಕ ರೋಗ) ಲಸಿಕೆಯನ್ನು ಮೂರು ನಾಲ್ಕು ತಿಂಗಳಿಗೆ ಹಾಕಿಸಿದರೆ ಮೂರು ವರ್ಷದ ರಕ್ಷಣೆ. ನೀಲಿನಾಲಿಗೆ ರೋಗ ನುಸಿಗಳಿಂದ ಹರಡುವುದರಿಂದ ಹಿಂಗಾರು ಮಳೆಯ ಹಿಂದೆಯೇ ಬರುತ್ತದೆ; ಲಸಿಕೆ ಅದಕ್ಕೆ ಮೊದಲೇ ಆಗಿರಬೇಕು, ಸಂಜೆ ರೊಪ್ಪದ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕಬೇಕು.

ಲೆಕ್ಕದ ಪುಸ್ತಕ

ಪ್ರತಿ ಕುರಿಗೆ ಕಿವಿಯೋಲೆಯ ಸಂಖ್ಯೆ, ಈದ ದಿನ, ಮರಿಯ ತೂಕ, ಲಸಿಕೆಯ ದಿನ, ಮರಿಯನ್ನು ಸೇರಿಸಿಕೊಂಡಿತೇ ಇಲ್ಲವೇ ಎಂಬ ಒಂದು ಸಾಲು ಬರೆದಿಟ್ಟರೆ ಸಾಕು. ಚೊಚ್ಚಲಲ್ಲಿ ಮರಿ ಒಲ್ಲದ ಕುರಿಗೆ ಇನ್ನೊಂದು ಅವಕಾಶ ಕೊಡಬಹುದು. ಎರಡನೆಯ ಸೂಲಿನಲ್ಲೂ ಹಾಗೆಯೇ ಮಾಡಿದರೆ, ಅಥವಾ ಕೆಚ್ಚಲು ಬಾವಿನಿಂದ ಒಂದು ಮೊಲೆ ಬತ್ತಿದ್ದರೆ, ಅದು ಎಷ್ಟೇ ದಷ್ಟಪುಷ್ಟವಾಗಿದ್ದರೂ ಮಾರಾಟದ ಪಟ್ಟಿಗೆ ಸೇರಬೇಕು. ಕುರಿ ಆಕಸ್ಮಿಕವಾಗಿ ಸತ್ತಾಗ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು: ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರಕ್ಕೆ ಆ ವರದಿ ಬೇಕು, ಮಂದೆಯಲ್ಲಿ ಉಳಿದ ಕುರಿಗಳಿಗೆ ಯಾವ ಔಷಧಿ ಎಂಬುದೂ ಅದರಿಂದಲೇ ತಿಳಿಯುತ್ತದೆ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿಯುತ್ತಿದ್ದರೆ ಮಾತ್ರ ಅದು ಮನುಷ್ಯರಿಗೂ ಹರಡುವ ನೆರಡಿ ರೋಗ (ಆಂಥ್ರಾಕ್ಸ್) ಇರಬಹುದಾದ್ದರಿಂದ ಹೆಣವನ್ನು ಯಾರೂ ಕೊಯ್ಯಬಾರದು, ಚರ್ಮ ಸುಲಿಯಬಾರದು. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಣ್ಣ ಹಾಕಿ ಆರು ಅಡಿ ಆಳದಲ್ಲಿ ಹೂಳಬೇಕು.